ನೂರ ಅರವತ್ತು ರತ್ತಲು

೧೯೩೩ರ ಅಕ್ಟೋಬರ್ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಆದವಾನಿಯ ಮೇಲೆ ಒಂದು ವಿಮಾನ ಹಾದುಹೋಯಿತು. ಸದ್ದು ಕೇಳಿದವರೆಲ್ಲ ಮಾಳಿಗೆ ಹತ್ತಿದರು. ಹತ್ತಿ ವ್ಯಾಪಾರಿ ಮರಿಬಸಪ್ಪನ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಅಂಬಮ್ಮ ಹತ್ತಿದಳು, ರೊಟ್ಟಿ ಬಡಿಯುವ ಉಚ್ಚಮ್ಮ ಹಿಟ್ಟಿನ ಕೈಯಲ್ಲೇ ಹತ್ತಿದಳು. ಮರಿಬಸಪ್ಪನ ಹೆಂಡತಿ ವೀರಬಸಮ್ಮ ಮಾತ್ರ ಹತ್ತೊಂಬತ್ತು ಮೆಟ್ಟಿಲುಗಳಲ್ಲಿ ಹನ್ನೊಂದನೆಯದರ ಮೇಲೆ ಉಸಿರು ಸಿಕ್ಕದೆ ನಿಂತಳು. ಅವಳಿಗೆ ನಲವತ್ತೊಂದು ವರ್ಷ. ಗೋಡೆ ಹಿಡಿದು ಉಳಿದ ಎಂಟನ್ನು ಹತ್ತಿ ಮೇಲೆ ಬರುವ ಹೊತ್ತಿಗೆ ಆಕಾಶದಲ್ಲಿ ಒಂದು ಹದ್ದು ಬಿಟ್ಟರೆ ಏನೂ ಇರಲಿಲ್ಲ.

"ಎಲ್ಲೈತ್ರಿ ಅತ್ತಿ?"

"ಹೋತು. ಬೆಳ್ಳಕ್ಕಿಯಂಗ ಬೆಳ್ಳಗಿತ್ತು ನೋಡು, ಒಳಗ ಕುಂತವನ ತಲಿನೂ ಕಾಣ್ತು. ನೀ ಉಸುರು ಬಿಡೋದರಾಗ ಅದು ಗುತ್ತಿ ದಾಟಿರತೈತಿ."

ಆ ದಿನ ಓಣಿಯಲ್ಲಿ ಬೇರೆ ಮಾತಿರಲಿಲ್ಲ. ನೀರಿಗೆ ಬಂದವರು, ಹಾಲು ಹಾಕುವವರು, ಎಲ್ಲರೂ ನೋಡಿದ್ದರು. "ನೀವು ನೋಡಿದ್ರೇನ್ರಿ?" ಎಂದು ಕೇಳಿದವರಿಗೆ ವೀರಬಸಮ್ಮ "ಸಪ್ಪಳ ಕೇಳಿದೆ" ಅನ್ನುತ್ತಿದ್ದಳು.

ನವೆಂಬರ್ ಹದಿನೆಂಟರಂದು ಮರಿಬಸಪ್ಪ ಬಜಾರಿನಿಂದ ಒಂದು ಕೆಂಪು ಕಾಗದ ತಂದ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಅಚ್ಚಾಗಿತ್ತು. ಮುಂಬಯಿಯ ಒಂದು ವಿಮಾನ ಕಂಪನಿ ಊರೂರು ತಿರುಗುತ್ತಿದೆ. ಜನವರಿ ಆರನೇ ತಾರೀಖು ಶನಿವಾರ ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ರೈಲ್ವೆ ಲೈನಿನಾಚೆಯ ಕೆಂಪು ಮಣ್ಣಿನ ಮಸಾರಿ ಬಯಲಿನಿಂದ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಏಳು ನಿಮಿಷ ಹಾರಿಸುತ್ತದೆ. ವೀರಬಸಮ್ಮ ಪೂರ್ತಿ ಓದಿದಳು. ಕೊನೆಯ ಸಾಲು ಹೀಗಿತ್ತು: ನೂರ ಅರವತ್ತು ರತ್ತಲಿಗಿಂತ ಹೆಚ್ಚು ತೂಗುವವರಿಗೆ ಅವಕಾಶವಿಲ್ಲ.

"ನೂರಾ ಅರವತ್ತು ರತ್ತಲಂದ್ರ ಎಷ್ಟು ಮಣ ಆಗತೈತ್ರಿ?"

"ಆರು ಮಣ ಹತ್ತು ರತ್ತಲು."

"ನಾ ಎಷ್ಟದೀನಿ?"

ಮರಿಬಸಪ್ಪ ಹತ್ತಿಯ ಚೀಲವನ್ನು ಕಣ್ಣಿನಿಂದಲೇ ತೂಗುವುದರಲ್ಲಿ ಹೆಸರಾದವನು. ಹೆಂಡತಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. "ಏಳು ಮಣ. ನೂರಾ ಎಪ್ಪತ್ತೈದು ರತ್ತಲು. ಒಂದು ಅತ್ತ ಇತ್ತ."

"ಹೆಂಡತಿನ್ನ ಹತ್ತಿ ಚೀಲ ಅಂತ ತಿಳಿದೀರೇನು?"

"ಹತ್ತಿ ಚೀಲ ಎದುರು ಮಾತಾಡಂಗಿಲ್ಲ."

"ನಗ್ರಿ. ನಾ ಆ ವಿಮಾನ ಹತ್ತತೀನಿ."

ಮರಿಬಸಪ್ಪ ನಗುವುದನ್ನು ನಿಲ್ಲಿಸಿದ. ಹದಿನೈದು ರತ್ತಲು, ನಲವತ್ತೊಂಬತ್ತು ದಿನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಳಗಿನಿಂದ ಅಂಬಮ್ಮ ಕೂಗಿದಳು: "ಹಾರೋದು ಹಕ್ಕಿಗೆ, ಉಣ್ಣೋದು ಮನಿಶಾಗ. ಬರ್ರಿ, ರೊಟ್ಟಿ ಆರತಾವ."

ಮಾರನೆಯ ದಿನ ಭಾನುವಾರ. ಮರಿಬಸಪ್ಪ ಪಾಲು ಹೊಂದಿದ್ದ ಜಿನ್ನಿಂಗ್ ಮಿಲ್ಲಿನಲ್ಲಿ ಆಳುಗಳಿರಲಿಲ್ಲ. ಹೊಸ ಹತ್ತಿ ಬರಲು ಇನ್ನೂ ಮೂರು ತಿಂಗಳಿತ್ತು, ಚೀಲ ತೂಗುವ ದೊಡ್ಡ ಕಾಟಾ ಬಿಡುವಾಗಿತ್ತು. ಮೂವತ್ತು ವರ್ಷದಿಂದ ಅದೇ ಕಾಟಾದಲ್ಲಿ ತೂಗುತ್ತಿದ್ದ ಬಜಾರಪ್ಪ ಹಲಗೆಯ ಧೂಳು ಒರೆಸಿಕೊಟ್ಟ. ವೀರಬಸಮ್ಮ ಬೆಳ್ಳಿಯ ಡಾಬು, ಕಾಲ್ಗಡಗ ಎಲ್ಲ ಮನೆಯಲ್ಲೇ ಬಿಟ್ಟು ಬಂದಿದ್ದಳು. ಕೊರಳ ತಾಳಿ ಮತ್ತು ಎದೆಯ ಲಿಂಗದ ಕರಡಿಗೆ ಮಾತ್ರ. ಬಜಾರಪ್ಪ ಮರ್ಯಾದೆಗೆ ಅವಳ ಕಡೆ ನೋಡದೆ, ಕೈಯಿಂದ ಗುಂಡು ಸರಿಸಿ, ಅಂಕಿ ಓದಿ ಕೂಗಿದ.

"ನೂರಾ ಎಪ್ಪತ್ನಾಕು, ಅಮ್ಮಾರ!"

"ಅಷ್ಟು ಜೋರಾಗಿ ಒದರಬ್ಯಾಡಪ್ಪಾ. ಗುಡ್ಡದ ಮ್ಯಾಗಿನವರಿಗೂ ಕೇಳತೈತಿ."

ಮೊದಲ ವಾರ ಅವಳು ತನಗೆ ಗೊತ್ತಿದ್ದುದನ್ನು ಮಾಡಿದಳು: ಹಗಲೂಟ ಬಿಟ್ಟಳು. ಸಂಜೆ ದೀಪ ಹಚ್ಚುವ ಹೊತ್ತಿಗೇ ಅಡಿಗೆಮನೆಗೆ ಬರುತ್ತಿದ್ದಳು. ತಾಟಿನ ಮುಂದೆ ಕುಳಿತರೆ ಎಷ್ಟು ಉಂಡೆನೆಂಬ ಎಚ್ಚರ ಇರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು ಅತ್ತೆಯ ಕೈ. ಅವರ ಮನೆಯಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ; ತಾಟು ತೊಳೆದ ನೀರನ್ನೂ ಕುಡಿಯಬೇಕು. ಹಾಗಾಗಿ ಎಷ್ಟು ಉಣ್ಣಬೇಕೆಂದು ಗೊತ್ತುಮಾಡುವವರು ಉಣ್ಣುವವರಲ್ಲ, ಬಡಿಸುವವರು. ಅಂಬಮ್ಮ "ಇನ್ನೊಂದು" ಎನ್ನುವಷ್ಟರಲ್ಲಿ ರೊಟ್ಟಿ ತಾಟಿನಲ್ಲಿರುತ್ತಿತ್ತು, ಅದರ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಬೆಣ್ಣೆ.

ಎರಡನೆಯ ಭಾನುವಾರ ಬಜಾರಪ್ಪ ಅಂಕಿ ಓದಿ ಗುಂಡನ್ನು ಇನ್ನೊಮ್ಮೆ ಸರಿಸಿ ನೋಡಿದ.

"ಯಾಕಪ್ಪಾ, ಕೂಗಲ್ಲ?"

"ನೂರಾ ಎಪ್ಪತ್ತೈದ್ರಿ ಅಮ್ಮಾರ," ಎಂದ ಮೆಲ್ಲಗೆ.

ಅದರ ಮಂಗಳವಾರ ಉರುಕುಂದದ ಗುಡಿಯ ಕಡೆ ಹೊರಟಿದ್ದ ಒಬ್ಬ ಜಂಗಮ ಅಯ್ಯ ಅವರ ಮನೆಗೆ ಭಿಕ್ಷೆಗೆ ಬಂದ. ತಾಟು ಮುಟ್ಟದ ವ್ರತ ಅವನದು, ಅಂಗೈಯೇ ತಾಟು. ಅಂಬಮ್ಮ ಮೊದಲ ತುತ್ತು ನೀಡಿದಳು, ಎರಡನೆಯದು ನೀಡಿದಳು. ಮೂರನೆಯದಕ್ಕೆ ಜಾಗವಿರಲಿಲ್ಲ. "ತುಂಬೇತವ್ವ," ಎಂದ ಅಯ್ಯ. ಅಂಬಮ್ಮ ಸೌಟು ಹಿಡಿದು ಸುಮ್ಮನೆ ನಿಂತಳು. ಆ ಮನೆಯಲ್ಲಿ ಅವಳ ಸೌಟು ಹಾಗೆ ನಿಂತದ್ದನ್ನು ವೀರಬಸಮ್ಮ ಇಪ್ಪತ್ನಾಲ್ಕು ವರ್ಷದಲ್ಲಿ ಅದೇ ಮೊದಲು ನೋಡಿದ್ದು. ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು.

ಮರುದಿನ ಊಟಕ್ಕೆ ಕುಳಿತಾಗ ತಾಟನ್ನು ಬೋರಲು ಹಾಕಿ ಎಡಗೈ ಚಾಚಿದಳು.

"ಇದೇನ ವೀರವ್ವ, ಸನ್ಯಾಸ ತಗೊಂಡ್ಯಾ?"

"ವಿಮಾನ ಹತ್ತೋತನ ವ್ರತ, ಅತ್ತಿ. ಹೊತ್ತಿಗೆ ಮೂರು ಅಂಗೈ. ಒಂದು ರೊಟ್ಟಿ-ಪಲ್ಯ, ಒಂದು ಹೆಸರುಕಾಳು, ಒಂದು ಮಜ್ಜಿಗಿ-ನವಣಿ."

"ಯಾವ ಶಾಸ್ತ್ರದಾಗೈತಿ ಇಂಥ ವ್ರತ?"

"ಕೆಂಪು ಕಾಗದದಾಗೈತಿ."

ಮರಿಬಸಪ್ಪನಿಗೆ ನೆತ್ತಿ ಹತ್ತಿತು. ಉಚ್ಚಮ್ಮ ಒಲೆಯ ಕಡೆ ಮುಖ ಮಾಡಿದಳು. ಅಂಬಮ್ಮ ಬೈದಳು, ಆದರೆ ವ್ರತ ಎಂದ ಮೇಲೆ ಮುರಿಯಲಿಲ್ಲ. ಅಂಗೈಗೆ ಹಿಡಿದಷ್ಟೇ ಹಾಕಿದಳು, ಮೇಲೆ ಗೋಪುರ ಕಟ್ಟಲು ನೋಡಿದಳು, ಜಾರಿ ಬೀಳುತ್ತಿತ್ತು.

ಹಗಲೂಟ ಬಿಡದೆ ಮೂರು ಹೊತ್ತೂ ಉಣ್ಣಲು ತೊಡಗಿದ ಮೇಲೆ ಸಂಜೆಯ ಆ ಆತುರ ನಿಂತಿತು. ಹಸಿವು ಮಾತ್ರ ಹೋಗಲಿಲ್ಲ. ಆದರೆ ವೀರಬಸಮ್ಮ ಅದನ್ನು ಗಮನಿಸಲು ಹಿಡಿದಳು. ಗೋಡೆ ಗಡಿಯಾರದ ಮುಂದೆ ಕುಳಿತು ನೋಡಿದಳು. ಅದು ಇಡೀ ದಿನ ಇರುತ್ತಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ಮಧ್ಯಾಹ್ನ ನಾಲ್ಕಕ್ಕೆ ಒಮ್ಮೆ ಮೇಲ್ ಗಾಡಿಯಂತೆ ಸಿಳ್ಳೆ ಹಾಕಿಕೊಂಡು ಬರುತ್ತಿತ್ತು. ಮನೆಯೆಲ್ಲ ಅದುರುವಂತೆ ನಿಲ್ಲುತ್ತಿತ್ತು. ಹತ್ತದೆ ಸುಮ್ಮನಿದ್ದರೆ ಹದಿನೆಂಟು ನಿಮಿಷಕ್ಕೆ ಹೊರಟುಹೋಗುತ್ತಿತ್ತು.

"ಉಚ್ಚಮ್ಮ, ಹೋತು! ಇವತ್ತು ಹದಿನಾರೇ ನಿಮಿಷ!" ಎಂದು ಅವಳು ಅಡಿಗೆಮನೆಗೆ ಓಡಿ ಬಂದು ಹೇಳಿದ್ದುಂಟು.

"ಯಾರು ಹೋದರ್ರಿ ಅಮ್ಮಾರ?" ಎಂದು ಉಚ್ಚಮ್ಮ ಬಾಗಿಲ ಕಡೆ ನೋಡಿದಳು.

ಆ ಹದಿನೆಂಟು ನಿಮಿಷ ಕಳೆಯಲು ಮಾಳಿಗೆಯ ಮೆಟ್ಟಿಲು ಹತ್ತಿ ಇಳಿದಳು. ಮೊದಲ ದಿನ ಎರಡು ಸಲ. ಡಿಸೆಂಬರ್ ಮಧ್ಯಕ್ಕೆ ಒಂಬತ್ತು ಸಲ. ಅಂಕಿಗಳು ಇಳಿಯತೊಡಗಿದವು: ನೂರ ಎಪ್ಪತ್ತೆರಡು, ನೂರ ಅರವತ್ತೊಂಬತ್ತೂವರೆ. ಬಜಾರಪ್ಪ ಮತ್ತೆ ಗಂಟಲು ಬಿಟ್ಟು ಕೂಗತೊಡಗಿದ.

ಡಿಸೆಂಬರ್ ಹದಿಮೂರು ಅವಳು ಸೋತ ದಿನ. ಓಣಿಯ ಮೂಲೆಯಲ್ಲಿ ಅಂಗಡಿ ಇಟ್ಟಿದ್ದ ಗಾದಿಲಿಂಗಮ್ಮನ ಬಾಣಲೆಯಿಂದ ಮಿರ್ಚಿಯ ವಾಸನೆ ನಾಲ್ಕು ಗಂಟೆಗೆ ಸರಿಯಾಗಿ ಬರುತ್ತಿತ್ತು. ಆ ದಿನ ಮೋಡ ಕವಿದಿತ್ತು, ಚಳಿ ಇತ್ತು, ವೀರಬಸಮ್ಮ ಮೆಟ್ಟಿಲ ಬದಲು ಬೀದಿ ಬಾಗಿಲಿಗೆ ಹೋದಳು.

"ಬರ್ರಿ ಅಮ್ಮಾರ," ಎಂದಳು ಗಾದಿಲಿಂಗಮ್ಮ. "ಎರಡು ಮಿರ್ಚಿ ತಿಂದ್ರ ವಿಮಾನ ಬೀಳತೈತೇನ್ರಿ?"

ಎರಡಲ್ಲ, ಆರು ತಿಂದಳು. ಅಂಗೈಗೆ ಒಂದೊಂದಾಗಿ ಇಸಿದುಕೊಂಡಳು, ಅದು ವ್ರತ ಮುರಿದಂತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಭಾನುವಾರದ ಕಾಟಾ ಅದನ್ನು ಒಪ್ಪಲಿಲ್ಲ: ಆ ವಾರ ಇಳಿದದ್ದು ಒಂದೇ ರತ್ತಲು. ಅವಳು ಅಳಲಿಲ್ಲ. ಮರುದಿನದಿಂದ ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಒಂದು ಅಂಗೈ ಹುರಿದ ಕಡಲೆ ತಿಂದು, ಎರಡು ಲೋಟ ಮಜ್ಜಿಗೆ ಕುಡಿದು, ವಾಸನೆಗೆ ಎದುರು ನಿಂತಳು. ವಾಸನೆ ಅಷ್ಟೇ ಚೆನ್ನಾಗಿತ್ತು. ಕಾಲು ಮಾತ್ರ ಬಾಗಿಲಿಗೆ ಹೋಗಲಿಲ್ಲ. ನೂರ ಅರವತ್ತೈದೂವರೆ. ನೂರ ಅರವತ್ತೆರಡೂವರೆ. ಜನವರಿ ಐದು, ಶುಕ್ರವಾರ, ಬಜಾರಪ್ಪ ಕೂಗಿದ್ದು ಮಿಲ್ಲಿನ ಚಿಮಣಿಯವರೆಗೂ ಕೇಳಿತು: "ನೂರಾ ಅರವತ್ತು! ಸರಿಯಾಗಿ ನೂರಾ ಅರವತ್ತು, ಅಮ್ಮಾರ!"

ಶನಿವಾರ ಮಸಾರಿ ಬಯಲಿನಲ್ಲಿ ನಾಲ್ಕೈದು ಸಾವಿರ ಜನ ಸೇರಿದ್ದರು. ನಂದವರ, ಚಿಪ್ಪಗಿರಿಗಳಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು. ವಿಮಾನ ನೋಡಲು ಸಣ್ಣದು. ಕೂರಲು ಹಿಂದೊಂದು ಮುಂದೊಂದು ಎರಡು ತೆರೆದ ಕುಣಿಗಳು, ಹಿಂದಿನದರಲ್ಲಿ ಪೈಲಟ್, ಮುಂದಿನದು ಹತ್ತುವವರಿಗೆ. ಪೈಲಟ್ ಮುಂಬಯಿಯ ಪಾರ್ಸಿ ಯುವಕ, ಹಿಂದೂಸ್ತಾನಿ ಮಾತಾಡುತ್ತಿದ್ದ. ಅವನು ಕೇಳಿದ್ದಕ್ಕೆ ಮಿಲ್ಲಿನ ಕಾಟಾವನ್ನೇ ಬಂಡಿಯ ಮೇಲೆ ತಂದು ಇಳಿಸಿದ್ದರು. ಬಜಾರಪ್ಪ ಹೊಸ ರುಮಾಲು ಸುತ್ತಿ ನಿಂತಿದ್ದ.

ಮೊದಲು ಹಾರಿದವನು ಪೆದ್ದಕಡುಬೂರಿನ ಕುರಿ ಸಾಕುವ ಲಾಲಪ್ಪ. ಇಳಿದವನೇ ಕುಣಿದಾಡಿದ. "ಕುರಿ ಹಿಂಡು ಚೆಲ್ಲಿದ ಮೆಣಸಿನ ಕಾಳಿದ್ದಂಗ ಕಾಣ್ತಾವಲೇ! ಊರು ಕುಳ್ಳಿನಷ್ಟೈತಿ, ಕುಳ್ಳು!"

ವೀರಬಸಮ್ಮನ ಸರದಿ ಬಂತು. ಹಲಗೆಯ ಮೇಲೆ ನಿಂತಳು. ಪೈಲಟ್ ಬಜಾರಪ್ಪನ ಪಕ್ಕಕ್ಕೆ ಬಂದು ತಾನೇ ಅಂಕಿ ನೋಡಿದ. "ಏಕ್ ಸೌ ಬಾಸಠ್," ಎಂದ. ನೂರ ಅರವತ್ತೆರಡು.

"ಅಲ್ರಿ ಸಾಹೇಬ್ರ," ಎಂದ ಬಜಾರಪ್ಪ. "ನೂರಾ ಅರವತ್ತು. ಚೀಲದ್ದು ತೆಗದು."

ವೀರಬಸಮ್ಮ ಹಲಗೆಯ ಮೇಲಿನಿಂದಲೇ ತಿರುಗಿದಳು. "ಯಾವ ಚೀಲ, ಬಜಾರಪ್ಪ?"

ಬಜಾರಪ್ಪ ನಾಲಿಗೆ ಕಚ್ಚಿಕೊಂಡ. ಹತ್ತಿ ತೂಗುವಾಗ ಪ್ರತಿ ಚೀಲಕ್ಕೆ ಗೋಣಿಯ ತೂಕವೆಂದು ಎರಡು ರತ್ತಲು ತೆಗೆದು ಕೂಗುವುದು ವ್ಯಾಪಾರದ ಪದ್ಧತಿ. ಮೂವತ್ತು ವರ್ಷ ಅವನ ಕಣ್ಣು ಒಂದು ಅಂಕಿ ನೋಡಿತ್ತು, ನಾಲಿಗೆ ಇನ್ನೊಂದು ಹೇಳಿತ್ತು. ಏಳು ವಾರವೂ ಅವನು ಅದನ್ನೇ ಮಾಡಿದ್ದ.

"ತಪ್ಪಾತ್ರಿ ಅಮ್ಮಾರ. ನಾಲಿಗಿಗೆ ರೂಢಿ ಬಿದ್ದೈತ್ರಿ," ಎಂದು ರುಮಾಲು ತೆಗೆದು ಕೈಯಲ್ಲಿ ಹಿಡಿದ.

"ನಾ ಅವತ್ತೇ ಏಳು ಮಣ ಅಂದಿದ್ದೆ," ಎಂದ ಮರಿಬಸಪ್ಪ.

"ನೀವು ಸುಮ್ಮಕಿರ್ರಿ!"

ಸುತ್ತ ನಿಂತವರು ನಕ್ಕರು. ಯಾರೋ "ಸೀರಿ ಒದ್ದಿ ಆಗೈತೇನೋ, ಒಣಗಿಸಿ ತೂಗ್ರಿ" ಎಂದರು. ವೀರಬಸಮ್ಮನ ಮುಖ ಕೆಂಪಗಾಗಿತ್ತು. ತಾಳಿ, ಕರಡಿಗೆ ಬಿಟ್ಟರೆ ತೆಗೆಯುವುದಕ್ಕೆ ಮೈಮೇಲೆ ಏನೂ ಇರಲಿಲ್ಲ, ಅವೆರಡನ್ನು ಅವಳು ತೆಗೆಯುವವಳಲ್ಲ. ಪೈಲಟ್ ಕೈ ಮುಗಿದ. "ಮಾಫ್ ಕರೋ, ಬಾಯಿಸಾಬ್. ಎರಡಾದರೂ ಹೆಚ್ಚು ಹೆಚ್ಚೇ."

"ಯಾಕಂತ ಕೇಳ್ರಿ," ಎಂದಳು ಗಂಡನಿಗೆ. "ನೂರಾ ಅರವತ್ತೇ ಯಾಕ? ಎರಡು ರತ್ತಲು ಹೆಚ್ಚಾದ್ರ ಆ ಯಂತ್ರಕ್ಕ ಏನಾಗತೈತಿ?"

ದಖನಿ ಉರ್ದು ಬಲ್ಲ ಮರಿಬಸಪ್ಪ ಕೇಳಿದ. ಪೈಲಟ್ ಬಯಲಿನ ತುದಿಯ ಹುಣಸೆ ಸಾಲನ್ನು ತೋರಿಸಿದ. ಓಟಕ್ಕೆ ಜಾಗ ಕಡಿಮೆ. ಮರ ಬರುವುದರೊಳಗೆ ಏಳಬೇಕು. ಮಧ್ಯಾಹ್ನದ ಕಾದ ಗಾಳಿ ತೆಳ್ಳಗಿರುತ್ತದೆ, ರೆಕ್ಕೆಯನ್ನು ಸರಿಯಾಗಿ ಎತ್ತುವುದಿಲ್ಲ. ಆ ಗಾಳಿಗೆ ಲೆಕ್ಕ ಹಾಕಿಯೇ ಕಾಗದದಲ್ಲಿ ನೂರ ಅರವತ್ತು ಎಂದು ಹಾಕಿದ್ದು.

ಗಂಡ ಹೇಳಿ ಮುಗಿಸುವುದರೊಳಗೆ ಅವಳು ಹಲಗೆಯಿಂದ ಜಿಗಿದಿದ್ದಳು.

"ಹಂಗಂದ್ರ ಗಾಳಿಗೂ ಹೊತ್ತೈತಿ! ಇಬ್ಬನಿ ಹೊತ್ತಿನಾಗ ತೂಗಿದ ಹತ್ತಿ ಬ್ಯಾರೆ, ಬಿಸಿಲೇರಿದ ಮ್ಯಾಲ ತೂಗಿದ ಹತ್ತಿ ಬ್ಯಾರೆ ಅಂತ ನೀವು ದಿನಾ ಜಗಳಾಡ್ತೀರಲ್ಲ? ಕೇಳ್ರಿ ಅವರ್ನ. ಮುಂಜಾನಿ ತಂಪಿನಾಗ ಅದು ಎಷ್ಟು ಎತ್ತತೈತಿ?"

ಮರಿಬಸಪ್ಪ ಕೇಳಿದಾಗ ಪೈಲಟ್ ಅವಳ ಕಡೆ ನೋಡಿದ. ಜೇಬಿನಿಂದ ಸಣ್ಣ ಪುಸ್ತಕ ತೆಗೆದ, ಬೆಳಗಿನ ಚಳಿ ಎಷ್ಟಿರುತ್ತದೆ ಎಂದು ವಿಚಾರಿಸಿದ, ಪೆನ್ಸಿಲಿನಲ್ಲಿ ಏನೋ ಬರೆದ, ಹೊಡೆದುಹಾಕಿದ, ಮತ್ತೆ ಬರೆದ. ಜನ ಉಸಿರು ಬಿಗಿಹಿಡಿದು ಪೆನ್ಸಿಲ್ ನೋಡುತ್ತಿದ್ದರು.

"ನಾಳೆ ಏಳಕ್ಕೆ ನಾನು ಹೊರಡಬೇಕು," ಎಂದ ಕೊನೆಗೆ. "ಆರೂವರೆಗೆ ಬನ್ನಿ. ಅಷ್ಟು ಹೊತ್ತಿನಲ್ಲಿ ನೂರ ಅರವತ್ಮೂರು ಎತ್ತಬಲ್ಲೆ. ಅರ್ಧ ಹೆಚ್ಚಾದರೂ ಇಲ್ಲ. ಅಂಕಿ ನಾನೇ ನೋಡುತ್ತೇನೆ."

ಮನೆಗೆ ಬಂದರೆ ಬಾಗಿಲಲ್ಲೇ ಬೆಲ್ಲ ಮತ್ತು ಏಲಕ್ಕಿಯ ಪರಿಮಳ. ಸೊಸೆ ಹಾರಿ ಬರುತ್ತಾಳೆಂದು ಅಂಬಮ್ಮ ಮಧ್ಯಾಹ್ನದಿಂದ ಕುಳಿತು ಹೋಳಿಗೆ ಮಾಡಿಸಿದ್ದಳು. ಇಪ್ಪತ್ತೊಂದು ಹೋಳಿಗೆ, ಒಂದು ತಂಬಿಗೆ ತುಪ್ಪ, ಬದನೆಕಾಯಿ ಎಣ್ಣೆಗಾಯಿ. ವೀರಬಸಮ್ಮ ಬೆಳಿಗ್ಗೆಯಿಂದ ಮೂರೇ ಅಂಗೈ ಉಂಡಿದ್ದಳು. ಹಸಿವು ಹೊತ್ತು ಗೊತ್ತಿಲ್ಲದೆ, ಸಿಳ್ಳೆಯನ್ನೂ ಹಾಕದೆ ನುಗ್ಗಿತು.

"ಹಾರಲಿಲ್ಲೇನ?" ಎಂದಳು ಅತ್ತೆ. "ಹೋಗ್ಲಿ ಬಿಡು. ವ್ರತ ಮುಗೀತಲ್ಲ. ತಾಟು ಹಾಕ್ಕೋ."

"ಮುಗಿದಿಲ್ಲ ಅತ್ತಿ. ನಾಳೆ ಮುಂಜಾನಿ ಐತಿ. ಇವತ್ತು ತೂಗಿದ್ದಕ್ಕಿಂತ ಒಂದು ರತ್ತಲು ಹೆಚ್ಚಾದ್ರೂ ನಡೀತೈತಿ, ಅದಕ್ಕ ಮ್ಯಾಲ ಇಲ್ಲ."

"ಹೋಳಿಗಿ ಎಷ್ಟು ತೂಗತೈತಿ? ಕಾಲು ರತ್ತಲು. ನಾಕು ತಿನ್ನು, ಲೆಕ್ಕ ಸರಿಹೋತು!"

ಅಂಬಮ್ಮನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದೇ ಅಪಾಯ. ನಾಲ್ಕು ತಿಂದವಳು ಐದನೆಯದಕ್ಕೆ ಕೈ ಒಡ್ಡುತ್ತಾಳೆಂದು ವೀರಬಸಮ್ಮನಿಗೆ ಆರು ಮಿರ್ಚಿಯ ದಿನದಿಂದ ಗೊತ್ತಿತ್ತು. ಬೇಡವೆಂದು ಪೂರ್ತಿ ಬಿಟ್ಟರೂ ಏನಾಗುತ್ತದೆಂದು ಮೊದಲ ವಾರದಲ್ಲಿ ಕಂಡಿದ್ದಳು. ಅವಳು ಕೈ ತೊಳೆದು ಬಂದು ಅಂಗೈ ಚಾಚಿದಳು.

"ಒಂದು ಹಾಕ್ರಿ. ತುಪ್ಪ ಹಚ್ಚಿ ಹಾಕ್ರಿ. ಆಮ್ಯಾಲ ಎರಡು ಅಂಗೈ ಹೆಸರುಕಾಳು."

ಮಡಿಸಿದ ಹೋಳಿಗೆ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ತುಂಬಿತು. ಮೊದಲ ಚೂರು ಬಾಯಿಗಿಟ್ಟಾಗ ಅವಳ ಕಣ್ಣು ತಾನಾಗಿ ಮುಚ್ಚಿತು. ಅಂಚು ಗರಿಗರಿ, ನಡುವೆ ಹೂರಣ ಇನ್ನೂ ಬೆಚ್ಚಗೆ. ಏಳು ವಾರದಲ್ಲಿ ಅಷ್ಟು ರುಚಿಯಾದದ್ದನ್ನು ಅವಳು ತಿಂದಿರಲಿಲ್ಲ. ಬಹುಶಃ ಅದಕ್ಕೂ ಮುಂಚೆಯೂ ಇಲ್ಲ, ಏಕೆಂದರೆ ಆಗೆಲ್ಲ ಒಂದರ ರುಚಿ ತಿಳಿಯುವುದರೊಳಗೆ ಇನ್ನೊಂದು ಬಂದು ಬೀಳುತ್ತಿತ್ತು. ಅಂಬಮ್ಮ ಎರಡನೆಯದನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಸೊಸೆಯ ಅಂಗೈ ಖಾಲಿಯಾಗಲು ಕಾಲು ಗಂಟೆ ಹಿಡಿಯಿತು.

"ತುಂಬೇತೇನ ಇನ್ನ?"

"ಅಂಗೈ ಖಾಲಿ ಐತಿ, ಅತ್ತಿ. ನಾನು ತುಂಬೀನಿ. ಕಾಳು ಹಾಕ್ರಿ."

ಅಂಬಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ಎತ್ತಿ ಹಿಡಿದಿದ್ದ ಹೋಳಿಗೆಯನ್ನು ಮಗನ ತಾಟಿಗೆ ಹಾಕಿದಳು. "ನೀ ತಿನ್ನೋ. ನಿನ್ನನ್ನಂತೂ ಯಾವ ವಿಮಾನಾನೂ ಎತ್ತಂಗಿಲ್ಲ."

ಭಾನುವಾರ ಆರೂಕಾಲಿಗೇ ಅವರು ಬಯಲಿನಲ್ಲಿದ್ದರು. ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಪೈಲಟ್ ಕಾಟಾದ ಹತ್ತಿರ ಕೂತು ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದ. ವೀರಬಸಮ್ಮ ಹಲಗೆ ಹತ್ತಿದಳು. ಗುಂಡು ಸರಿಯಿತು, ಕೋಲು ತೂಗಾಡಿತು. ಬಜಾರಪ್ಪ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ಪೈಲಟ್ ಬಗ್ಗಿ ನೋಡಿದ, ಕೋಲು ನಿಲ್ಲುವವರೆಗೆ ಕಾದ, ಇನ್ನೊಮ್ಮೆ ನೋಡಿದ.

"ಏಕ್ ಸೌ ಇಕ್ಸಠ್, ಊಪರ್ ಆಧಾ." ನೂರ ಅರವತ್ತೊಂದೂವರೆ. "ಚಲೋ ಬಾಯಿಸಾಬ್!"

ಅಂಬಮ್ಮ ಸೊಸೆಯ ಸೆರಗನ್ನು ನಡುವಿಗೆ ಸುತ್ತಿ ಹುರಿಯಿಂದ ಬಿಗಿದಳು. "ಕೆಳಗ ನೋಡಬ್ಯಾಡ, ಬಾಯಾಗ ಶಿವಾ ಅನ್ನು."

"ಕೆಳಗ ನೋಡಾಕ ಹೊಂಟೀನಿ, ಅತ್ತಿ!"

ರೆಕ್ಕೆಯ ಮೇಲೆ ಕಾಲಿಟ್ಟು ಮುಂದಿನ ಕುಣಿಗೆ ಇಳಿದಳು. ಪೈಲಟ್ ಪಟ್ಟಿ ಬಿಗಿದ, ಚರ್ಮದ ಟೊಪ್ಪಿಗೆ ಕಟ್ಟಿದ, ಕನ್ನಡಕ ಹಾಕಿದ. ಯಂತ್ರ ಕೆಮ್ಮಿತು, ಗುಡುಗಿತು. ನೆಲ ಕಾಲಡಿಯಲ್ಲಿ ಓಡತೊಡಗಿತು; ಕಲ್ಲುಕಲ್ಲಿಗೂ ಮೈ ಕುಲುಕಿತು. ಹುಣಸೆ ಸಾಲು ಎದುರಿಗೆ ಬಂತು, ದೊಡ್ಡದಾಯಿತು, ಎಲೆಗಳು ಕಾಣುವಷ್ಟು ಹತ್ತಿರವಾಯಿತು. ವೀರಬಸಮ್ಮ ಕಣ್ಣು ಮುಚ್ಚಲಿಲ್ಲ. ಒಮ್ಮೆಲೇ ಕುಲುಕು ನಿಂತಿತು. ಮರಗಳ ತಲೆ ಚಕ್ರದ ಕೆಳಗೆ ಸರಿದುಹೋಯಿತು.

ಅವಳು ಕೂಗಿದಳು. ಏನು ಕೂಗಿದಳೆಂದು ಅವಳಿಗೇ ಕೇಳಲಿಲ್ಲ. ಗಾಳಿ ಬಾಯೊಳಗೆ ನುಗ್ಗಿ ಕೆನ್ನೆಯನ್ನು ಉಬ್ಬಿಸಿತು. ಎಡಕ್ಕೆ ಆದವಾನಿಯ ಗುಡ್ಡ, ಅದರ ಮೇಲಿನ ಕೋಟೆಯ ಗೋಡೆ ಅವಳ ಕಣ್ಣಿನ ಮಟ್ಟಕ್ಕೆ ಇಳಿದವು. ಸೂರ್ಯ ಆಗಷ್ಟೇ ಮೇಲೆ ಬಂದಿದ್ದ. ಎರೆ ಹೊಲಗಳು ಕಪ್ಪು, ಹತ್ತಿಯ ಗಿಡಗಳ ಸಾಲು ಹಸಿರು, ರೈಲಿನ ಹಳಿ ನೂಲಿನಂತೆ ತೆಳ್ಳಗೆ, ಅದರ ಮೇಲೆ ಹೊಗೆ ಬಿಟ್ಟುಕೊಂಡು ಒಂದು ಗೂಡ್ಸ್ ಗಾಡಿ; ಅದನ್ನು ಅವರು ಹಿಂದೆ ಹಾಕಿದರು. ಹಾಲಿನ ಕೊಡ ತಲೆಯ ಮೇಲೆ ಹೊತ್ತು ಊರ ಕಡೆ ಬರುತ್ತಿದ್ದ ಹೆಂಗಸೊಬ್ಬಳು ಇರುವೆಯಷ್ಟು ಕಂಡಳು. ವೀರಬಸಮ್ಮ ಅವಳಿಗೆ ಕೈ ಬೀಸಿದಳು, ಗುಡ್ಡಕ್ಕೆ ಕೈ ಬೀಸಿದಳು, ಯಾರಿಗೂ ಅಲ್ಲದೆ ಸುಮ್ಮನೆ ಬೀಸಿದಳು.

ಏಳು ನಿಮಿಷ ತೀರುತ್ತಾ ಬಂದಿತ್ತು. ವಿಮಾನದ ಮೂತಿ ಬಯಲಿನ ಕಡೆ ಬಾಗಿತು. ವೀರಬಸಮ್ಮ ಬಿಗಿದ ಪಟ್ಟಿಯಲ್ಲೇ ಸಾಧ್ಯವಾದಷ್ಟು ಹಿಂದಕ್ಕೆ ತಿರುಗಿ, ಪೈಲಟ್ಟಿಗೆ ಕಾಣುವಂತೆ ಒಂದು ಬೆರಳು ಎತ್ತಿ ಗಾಳಿಯಲ್ಲಿ ದೊಡ್ಡ ಸುತ್ತು ಬರೆದಳು.

ಪೈಲಟ್ ತಲೆಯಾಡಿಸಿದ: ಇಲ್ಲ.

ಅವಳು ಬೆರಳನ್ನು ಇಳಿಸಲಿಲ್ಲ. ಹಲ್ಲು ಕಾಣುವಂತೆ ನಕ್ಕು, ಮತ್ತೆ ಸುತ್ತು ಬರೆದಳು.

ಪೈಲಟ್ ಕೈಗಡಿಯಾರ ನೋಡಿದ, ಎಣ್ಣೆಯ ಮುಳ್ಳು ನೋಡಿದ. ಎಡಗಡೆಯ ರೆಕ್ಕೆ ಮೆಲ್ಲಗೆ ಕೆಳಗಿಳಿಯಿತು, ಗುಡ್ಡ ಮತ್ತೆ ಎದುರಿಗೆ ಬಂತು.